ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ನೈಟ್ರಸ್

ನಮ್ಮ ಸಂಘದ ವಾರ್ಷಿಕ ಮಹಾಸಭೆ ಮುಗಿದು ಎಲ್ಲರೂ ಉಪ್ಪಿಟ್ಟು, ಕಾಫಿಯ ಕಡೆಗೆ ಹೊರಟಿದ್ದ ಹೊತ್ತು. ಡೊಂಬಿವಲಿಯಿಂದ ಬರುವ ಹಿರಿಯ ಸದಸ್ಯರೊಬ್ಬರು ಕೈಚೀಲದಿಂದ ಹಳೇ ಪೇಪರಿನಲ್ಲಿ ಸುತ್ತಿದ್ದ ಲೋಹದ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದೊಂದು ಪಿಸ್ಟನ್. ತಲೆಯ ಒಂದು ಅಂಚು ಬೆಲ್ಲದ ಅಚ್ಚಿನಂತೆ ಕರಗಿ, ರಿಂಗು ಕೂರುವ ಜಾಗದವರೆಗೂ ತೂತು ಬಿದ್ದಿತ್ತು. "ನನ್ನ ಪ್ರಾವಿಡೆಂಟ್ ಫಂಡಿನ ದುಡ್ಡು ಇದರಲ್ಲಿ ಉಂಟು ಮಾರಾಯ್ರೆ, ನೋಡಿ" ಎಂದರು.

ಅವರ ಮಗ ಹಳೆಯ ಹೋಂಡಾ ಸಿಟಿ ವಿಟೆಕ್ ಕೊಂಡಿದ್ದ. 106 ಅಶ್ವಶಕ್ತಿಯ ಒಳ್ಳೆಯ ಬಂಡಿ. ಅದು ಸಾಲದೆಂದು ಒಂದು ಗ್ಯಾರೇಜಿನಲ್ಲಿ ನೈಟ್ರಸ್ ಆಕ್ಸೈಡ್ ಕಿಟ್ ಹಾಕಿಸಿದ. ಐವತ್ತು ಅಶ್ವಶಕ್ತಿ ಗ್ಯಾರಂಟಿ ಎಂದಿದ್ದರಂತೆ. ಮೇ ತಿಂಗಳ ಒಂದು ಮಧ್ಯಾಹ್ನ, ಮೂರನೆಯ ಸಲ ಗುಂಡಿ ಒತ್ತಿದಾಗ ಎಂಜಿನ್ ಸತ್ತಿತು.

ಆ ಮೇಜಿನ ಸುತ್ತ ಆಗ ನಡೆದ ಚರ್ಚೆಯೇ ಈ ಲೇಖನಕ್ಕೆ ಕಾರಣ. "ಗ್ಯಾಸ್ ಸಿಲಿಂಡರ್ ಕಾರಿನಲ್ಲಿಟ್ಟರೆ ಬೆಂಕಿ ಹತ್ತದೆ ಇನ್ನೇನು?" ಎಂದರು ಒಬ್ಬರು. "ಈಗಿನ ಹುಡುಗರೇ ಹೀಗೆ" ಎಂದರು ಇನ್ನೊಬ್ಬರು. ಹುಡುಗನಂತೂ "ಗ್ಯಾಸ್ ಜಾಸ್ತಿ ಹೋಯ್ತು ಅಂಕಲ್" ಎಂದು ತಲೆ ತಗ್ಗಿಸಿದ. ಮೂರೂ ತಪ್ಪು ಎಂದು ನಾವು ಅಂದೇ ಹೇಳಿದೆವು. ಇಂದು ಬರೆದೂ ಹೇಳುತ್ತಿದ್ದೇವೆ. ಎಂಜಿನನ್ನು ಕೊಂದದ್ದು ಗ್ಯಾಸಲ್ಲ, ಪೆಟ್ರೋಲಿನ ಕೊರತೆ. ಆ ಕೊರತೆಯ ಲೆಕ್ಕ ಹಾಕದೆ ಗ್ಯಾಸ್ ಮಾರಿದವನದೇ ಮೊದಲ ಅಪರಾಧ.

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ವಸ್ತುವಲ್ಲ. ದಂತವೈದ್ಯರು ಬಳಸುವ ನಗೆ ಅನಿಲವೇ ಇದು. ಪ್ರೀಸ್ಟ್ಲಿ 1772ರಲ್ಲಿ ಕಂಡುಕೊಂಡದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಎತ್ತರದ ತೆಳುಗಾಳಿಯಲ್ಲಿ ವಿಮಾನದ ಎಂಜಿನಿಗೆ ಉಸಿರು ಕೊಡಲು ಇದನ್ನೇ ಬಳಸಿದರು. ಗಾಳಿಯಲ್ಲಿ ತೂಕದಿಂದ ಶೇಕಡ 23ರಷ್ಟು ಆಮ್ಲಜನಕವಿದ್ದರೆ ಇದರಲ್ಲಿ ಶೇಕಡ 36. ಸಿಲಿಂಡರಿನ ಕಾವಿಗೆ ಅನಿಲ ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ. ಆಗ ಹೆಚ್ಚು ಪೆಟ್ರೋಲ್ ಉರಿಸಬಹುದು. ಶಕ್ತಿ ಬರುವುದು ಆ ಹೆಚ್ಚಿನ ಪೆಟ್ರೋಲಿನಿಂದ. ಕುಲುಮೆಯಲ್ಲಿ ಇದ್ದಿಲು ಹಾಕದೆ ತಿದಿ ಒತ್ತುತ್ತಲೇ ಇದ್ದರೆ ಏನಾಗುತ್ತದೆಂದು ನಮ್ಮೂರ ಕಮ್ಮಾರನಿಗೆ ಗೊತ್ತಿತ್ತು. ನಗರದ "ಟ್ಯೂನರ್" ಮಹಾಶಯರಿಗೆ ಗೊತ್ತಿಲ್ಲ.

ಗ್ಯಾರೇಜುಗಳಲ್ಲಿ ಈಗ ನಡೆಯುವ ದೊಡ್ಡ ವಾದ "ಡ್ರೈ" ಮೇಲೋ "ವೆಟ್" ಮೇಲೋ ಎಂಬುದು. ಡ್ರೈ ಕಿಟ್ಟಿನಲ್ಲಿ ಅನಿಲ ಮಾತ್ರ ಒಳಹೋಗುತ್ತದೆ. ಅದಕ್ಕೆ ಬೇಕಾದ ಪೆಟ್ರೋಲನ್ನು ಕಾರಿನ ಇಂಜೆಕ್ಟರುಗಳೇ ಕೊಡಬೇಕು. ವೆಟ್ ಕಿಟ್ಟಿನಲ್ಲಿ ಅನಿಲದ ಜೊತೆಗೆ ಬೇರೆಯೇ ಜೆಟ್ಟಿನಿಂದ ಪೆಟ್ರೋಲೂ ಸಿಂಪಡಣೆಯಾಗುತ್ತದೆ. ಈ ವಾದವನ್ನು ಗಂಟೆಗಟ್ಟಲೆ ಮಾಡುವವರು ಒಂದು ಸಣ್ಣ ಲೆಕ್ಕವನ್ನು ಮಾಡುವುದಿಲ್ಲ. ನಾವೇ ಮಾಡೋಣ.

ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಎರಡು ಸುತ್ತಿಗೆ, ಅಂದರೆ ಒಂದು ಪೂರ್ತಿ ಆವರ್ತಕ್ಕೆ, ಸಿಗುವ ಕಾಲ 20 ಮಿಲಿಸೆಕೆಂಡು. ಇಂಜೆಕ್ಟರು ಇಡೀ ಹೊತ್ತು ಬಾಯಿ ತೆರೆದೇ ಇದ್ದರೂ 20ಕ್ಕಿಂತ ಹೆಚ್ಚಿಲ್ಲ. ಪೂರ್ಣ ಶಕ್ತಿಯಲ್ಲಿ ಅದು ಈಗಾಗಲೇ 16 ಮಿಲಿಸೆಕೆಂಡು ತೆರೆದಿದೆ ಎಂದಿಟ್ಟುಕೊಳ್ಳಿ. 106ಕ್ಕೆ ಇನ್ನೂ ಐವತ್ತು ಸೇರಿಸಬೇಕಾದರೆ ಸುಮಾರು ಒಂದೂವರೆ ಪಟ್ಟು ಪೆಟ್ರೋಲ್ ಬೇಕು. ಅಂದರೆ 24 ಮಿಲಿಸೆಕೆಂಡು. ಇಪ್ಪತ್ತರ ಕೊಡದಲ್ಲಿ ಇಪ್ಪತ್ತನಾಲ್ಕು ಹಿಡಿಸುವುದು ಯಾವ ಗ್ಯಾರೇಜಿನಲ್ಲಿ ಸಾಧ್ಯ? "ಪ್ರೆಶರ್ ಏರಿಸುತ್ತೇವೆ" ಎನ್ನುತ್ತಾರೆ. ಹರಿವು ಒಂದೂವರೆ ಪಟ್ಟಾಗಬೇಕಾದರೆ ಒತ್ತಡ ಎರಡೂಕಾಲು ಪಟ್ಟಾಗಬೇಕು. ಮೂರು ಬಾರ್ ಇದ್ದದ್ದು ಆರೂಮುಕ್ಕಾಲು ಬಾರ್! ಟ್ಯಾಂಕಿನೊಳಗಿನ ಹಳೆಯ ಪಂಪು ಅಷ್ಟು ಒತ್ತಡದಲ್ಲಿ ಅಷ್ಟು ಪೆಟ್ರೋಲ್ ತಳ್ಳುವುದಿಲ್ಲ. ಡ್ರೈ ಕಿಟ್ಟೇ ಬೇಕಾದರೆ ದೊಡ್ಡ ಇಂಜೆಕ್ಟರು, ದೊಡ್ಡ ಪಂಪು, ಕಂಪ್ಯೂಟರಿನಲ್ಲಿ ಹೊಸ ಮ್ಯಾಪು, ಈ ಮೂರನ್ನೂ ಮೊದಲು ಮಾಡಿಸಬೇಕು.

"ಎಂಪಿಎಫ್‌ಐ ಅಲ್ಲವೇ, ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ" ಎಂಬುದು ಇನ್ನೊಂದು ಮಂತ್ರ. ನೋಡಿಕೊಳ್ಳುವುದಿಲ್ಲ. ಈ ಹೋಂಡಾ ಮ್ಯಾನಿಫೋಲ್ಡಿನ ಒತ್ತಡ ಅಳೆದು ಗಾಳಿ ಎಷ್ಟೆಂದು ಊಹಿಸುತ್ತದೆ. ಒಳಬಂದದ್ದು ಗಾಳಿಯೋ ನೈಟ್ರಸ್ಸೋ ಅದಕ್ಕೆ ತಿಳಿಯದು. ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರಿನ ಮಾತನ್ನು ಕೇಳಿ ತಿದ್ದಿಕೊಳ್ಳುವುದು ಸಾಧಾರಣ ಓಟದಲ್ಲಿ ಮಾತ್ರ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಅದು ಮೊದಲೇ ಬರೆದಿಟ್ಟ ಪಟ್ಟಿಯಂತೆ ನಡೆಯುತ್ತದೆ. ನೈಟ್ರಸ್ ಹೋಗುವುದೂ ಸರಿಯಾಗಿ ಅದೇ ಗಳಿಗೆಯಲ್ಲಿ.

ಹಾಗಾದರೆ ವೆಟ್ ಕಿಟ್ಟೇ ಸರಿಯೆ? ಏನನ್ನೂ ಬದಲಿಸದ ಸಣ್ಣ ಎಂಜಿನಿಗೆ, ಪಂಪಿನಲ್ಲಿ ಮಿಗತೆ ಇದ್ದರೆ, ಸಣ್ಣ ಜೆಟ್ಟಿನ ವೆಟ್ ಕಿಟ್ಟೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದಕ್ಕೂ ಒಂದು ಶಾಪವಿದೆ. ಇಂಜೆಕ್ಷನ್ ಕಾರಿನ ಮ್ಯಾನಿಫೋಲ್ಡು ಗಾಳಿ ಹೋಗಲೆಂದು ಮಾಡಿದ್ದು, ಪೆಟ್ರೋಲ್ ಹೋಗಲೆಂದಲ್ಲ. ತಿರುವಿನಲ್ಲಿ ಹನಿಗಳು ಗೋಡೆಗೆ ಬಡಿದು ತಳದಲ್ಲಿ ನಿಲ್ಲುತ್ತವೆ. ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಿಗುತ್ತದೆ. ನಿಂತ ಪೆಟ್ರೋಲಿಗೆ ಹಿಮ್ಮುಖ ಕಿಡಿ ತಾಗಿದರೆ ಪ್ಲಾಸ್ಟಿಕ್ಕಿನ ಮ್ಯಾನಿಫೋಲ್ಡು ಸೀಳುತ್ತದೆ. ಆದ್ದರಿಂದಲೇ ಸುಮಾರು 3,000 ಸುತ್ತಿನ ಕೆಳಗೆ ಗ್ಯಾಸ್ ಬಿಡಲೇಬಾರದು. ಮೇಲ್ಮಿತಿಗೂ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು. ಏಕೆಂದರೆ ಮಿತಿ ತಲಪಿದಾಗ ಕಂಪ್ಯೂಟರು ಇಂಜೆಕ್ಟರಿನ ಪೆಟ್ರೋಲ್ ನಿಲ್ಲಿಸುತ್ತದೆ, ಗ್ಯಾಸ್ ಮಾತ್ರ ಹರಿಯುತ್ತಲೇ ಇರುತ್ತದೆ. ಇದಕ್ಕೆಂದೇ ವಿಂಡೋ ಸ್ವಿಚ್ಚು ಸಿಗುತ್ತದೆ. ಪೆಟ್ರೋಲಿನ ಒತ್ತಡ ಕುಸಿದರೆ ಗ್ಯಾಸನ್ನು ಕಡಿದುಹಾಕುವ ಸ್ವಿಚ್ಚೂ ಇದೆ. ಆ ಹುಡುಗನ ಕಾರಿನಲ್ಲಿ ಇವೆರಡೂ ಇರಲಿಲ್ಲ. ಹ್ಯಾಂಡಲ್ ಬಳಿ ಒಂದು ಕೆಂಪು ಗುಂಡಿ, ಕಿಟಕಿಗೆ ಒಂದು ಸ್ಟಿಕ್ಕರು, ಡಿಕ್ಕಿಯಲ್ಲಿ ಬಾಟಲಿಗೆ ನೀಲಿ ದೀಪ ಇದ್ದವು. ದೀಪಕ್ಕೆ ಬೇರೆ ಬಿಲ್ಲು!

ಕಾರ್ಬ್ಯುರೇಟರ್ ಕಾಲದ ಕಿಟ್ಟನ್ನು ಅಗ್ಗಕ್ಕೆ ತಂದು ಇಂಜೆಕ್ಷನ್ ಕಾರಿಗೆ ತಗುಲಿಸುವವರೂ ಇದ್ದಾರೆ. ಅದರ ಪೆಟ್ರೋಲ್ ಜೆಟ್ಟು ಅರ್ಧ ಬಾರಿಗೂ ಕಡಿಮೆ ಒತ್ತಡಕ್ಕೆ ಲೆಕ್ಕ ಹಾಕಿದ್ದು. ಇಲ್ಲಿರುವುದು ಮೂರು ಬಾರ್. ಎಂಜಿನು ಪೆಟ್ರೋಲಿನಲ್ಲಿ ಮುಳುಗುತ್ತದೆ. ಕಿಡಿಯ ಹೊತ್ತನ್ನೂ ಹಿಂದೆ ಸರಿಸಬೇಕು, ಐವತ್ತು ಅಶ್ವಶಕ್ತಿಗೆ ಎರಡು ಡಿಗ್ರಿ ಎಂಬುದು ರೂಢಿಯ ಲೆಕ್ಕ. ಒಂದು ಮಟ್ಟ ತಣ್ಣನೆಯ ಪ್ಲಗ್ಗು ಬೇಕು. ಎಲ್ಲಕ್ಕೂ ಮೊದಲು ಕಂಪ್ರೆಶನ್ ಪರೀಕ್ಷೆ. ಲಕ್ಷ ಕಿಲೋಮೀಟರು ಓಡಿದ ಎಂಜಿನಿಗೆ ಅದನ್ನೂ ಮಾಡದೆ ಕಿಟ್ ಹಾಕಿದವನನ್ನು ಏನೆಂದು ಕರೆಯೋಣ?

ಈಗ ನಮ್ಮ ಊರುಗಳ ಬಿಸಿಲಿನ ಮಾತು. ಕಿಟ್ಟಿನ ಜೊತೆ ಬರುವ ಜೆಟ್ ಪಟ್ಟಿ ಬಾಟಲಿಯ ಒತ್ತಡ 900ರಿಂದ 950 ಪಿಎಸ್‌ಐ ಇದೆಯೆಂದು ಎಣಿಸಿ ಮಾಡಿದ್ದು. ಬಾಟಲಿ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಅದು ಸರಿ. ಅಮೆರಿಕದವರು ಬಾಟಲಿ ಬಿಸಿಮಾಡಲು ಹೀಟರ್ ಮಾರುತ್ತಾರೆ. ಮುಂಬಯಿ, ಮದರಾಸು, ಹೈದರಾಬಾದಿನಲ್ಲಿರುವ ನಮಗೆ ಅದರ ಚಿಂತೆಯಿಲ್ಲ, ಚಿಂತೆ ಇರುವುದು ತಂಪಿನದು. 36.4 ಡಿಗ್ರಿ ದಾಟಿದರೆ ಬಾಟಲಿಯಲ್ಲಿ ದ್ರವವೆಂಬುದೇ ಉಳಿಯುವುದಿಲ್ಲ; ಅಲ್ಲಿಗೆ ಒತ್ತಡ 1,050 ಮುಟ್ಟಿರುತ್ತದೆ, ತುಂಬಿದ ಬಾಟಲಿಯಾದರೆ ಮೇಲಿನ ಪ್ರತಿ ಡಿಗ್ರಿಗೂ ಸರಸರನೆ ಏರುತ್ತದೆ. ಪಟ್ಟಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ 36ರಲ್ಲಿ ನಿಲ್ಲುತ್ತದೆಯೆ? ಒದ್ದೆ ಗೋಣಿಚೀಲವೊಂದಿದ್ದರೂ ಆ ಪಿಸ್ಟನ್ ಬಹುಶಃ ಇನ್ನಷ್ಟು ದಿನ ಬಾಳುತ್ತಿತ್ತು. ಒತ್ತಡ ಅಳೆಯುವ ಗೇಜು ಕೂಡ ಆ ಬಾಟಲಿಗಿರಲಿಲ್ಲ. ಒತ್ತಡ ಮೀರಿದಾಗ ಒಡೆಯುವ ಸುರಕ್ಷಾ ಬಿಲ್ಲೆಯಿಂದ ಕಾರಿನ ಹೊರಗೆ ಕೊಳವೆ ಎಳೆದಿರಬೇಕು, ಅದೂ ಇರಲಿಲ್ಲ. ಬಿಲ್ಲೆ ಒಡೆದಿದ್ದರೆ ಮುಚ್ಚಿದ ಕಿಟಕಿಯೊಳಗೆ ಉಸಿರಾಡಲು ಗಾಳಿಯೇ ಇರುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವ ಸಿಲಿಂಡರಿನಿಂದ ಕಳ್ಳದಾರಿಯಲ್ಲಿ ಬಾಟಲಿ ತುಂಬಿಸಿಕೊಳ್ಳುವ ಚಾಳಿಯ ಬಗ್ಗೆಯೂ ಹೇಳದೆ ವಿಧಿಯಿಲ್ಲ. ಎಣ್ಣೆ, ಗ್ರೀಸು ಹತ್ತಿದ ಪಂಪಿನಿಂದ ಈ ಅನಿಲವನ್ನು ಒತ್ತಿ ತುಂಬುವುದು ಸ್ಫೋಟಕ್ಕೆ ಆಹ್ವಾನ. ಮೇಜಿನ ಬಳಿಯ ಮಹನೀಯರು ಹೇಳಿದ ಭಯ ಇಲ್ಲಿ ಮಾತ್ರ ನಿಜ.

ಕಾನೂನಿನ ಮಾತನ್ನು ನಾವು ಸುತ್ತಿಬಳಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಪಾಮ್ ಬೀಚ್ ರಸ್ತೆಯಾಗಲಿ ಮರೀನ್ ಡ್ರೈವಾಗಲಿ ಪಂದ್ಯದ ಮೈದಾನವಲ್ಲ. ಇಂಥ ಬಂಡಿ ಟ್ರೇಲರಿನ ಮೇಲೆ ಪಂದ್ಯದ ಪಟ್ಟಿಗೆ ಹೋಗಬೇಕು, ಟ್ರೇಲರಿನ ಮೇಲೆಯೇ ಮನೆಗೆ ಬರಬೇಕು. ಹಾಗೆ ಮಾಡಲಾಗದವರಿಗೆ ನೈಟ್ರಸ್ ಬೇಡ.

ಒಂದು ಮಾತು ತಂದೆತಾಯಿಗಳಿಗೆ. ಮಗಳ ಮದುವೆಗೆ ಅಡಿಗೆಭಟ್ಟರನ್ನು ಗೊತ್ತುಮಾಡುವಾಗ ಎಷ್ಟು ಜನಕ್ಕೆ ಎಷ್ಟು ಸೇರು ಅಕ್ಕಿ ಎಂದು ನಾಲ್ಕು ಸಲ ಕೇಳುವ ನಾವು, ಮಗನಿಗೆ ಐವತ್ತು ಸಾವಿರದ ಚೆಕ್ಕು ಬರೆಯುವಾಗ ಒಂದು ಪ್ರಶ್ನೆ ಕೇಳಲಿಲ್ಲ. "ನಮಗೇನು ತಿಳಿಯುತ್ತದೆ" ಎಂದು ಡೊಂಬಿವಲಿಯ ಮಿತ್ರರು ಅಂದರು. ಪೆಟ್ರೋಲ್ ಎಲ್ಲಿಂದ ಬರುತ್ತದೆ ಎಂದು ಕೇಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಉತ್ತರ ಅಂಕಿಯಲ್ಲಿ ಬರದಿದ್ದರೆ ಚೆಕ್ ಪುಸ್ತಕ ಮುಚ್ಚಿದರಾಯಿತು.

ಹುಡುಗ ಈಗ ಇನ್ನೊಂದು ಎಂಜಿನ್ ಹುಡುಕುತ್ತಿದ್ದಾನೆ. ಅದೇ ಗ್ಯಾರೇಜಿನವನೇ ಹುಡುಕಿಕೊಡುತ್ತೇನೆ ಎಂದಿದ್ದಾನಂತೆ! ಪಿಸ್ಟನ್ ಸದ್ಯ ಸಂಘದ ಕಚೇರಿಯಲ್ಲಿ, ಪುಸ್ತಕದ ಕಪಾಟಿನ ಮೇಲಿದೆ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಂದರೆ ನೋಡಬಹುದು.