ಪಂಕ್ತಿಭೇದದ ಹೊಸ ರೂಪ

ಔತಣಕ್ಕೂ ಕುಣಿತಕ್ಕೂ ಇರುವ ನಂಟು ಬಹಳ ಹಳೆಯದು. ಉಂಡವರ ಕಾಲು ತಾನಾಗಿಯೇ ತಾಳ ಹಿಡಿಯುವುದು ಎಲ್ಲ ದೇಶಗಳ ಜನರಿಗೂ ಸಹಜವಾದದ್ದು. ಆದರೆ ಉಣ್ಣುವವರು ಒಬ್ಬರು, ಅವರಿಗಾಗಿ ಕುಣಿಯುವವರು ಇನ್ನೊಬ್ಬರು ಎಂದಾದೊಡನೆ ಆ ನಂಟಿನ ಸ್ವರೂಪವೇ ಬೇರೆಯಾಗುತ್ತದೆ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು ದೂರದ ಖಾನಾಪುರದ ಕಾಡಿನ ಕಡೆಗೆ ವಿಹಾರಕ್ಕೆಂದು ಹೋಗುವ ಪಟ್ಟಣಿಗರು ಈ ಭೇದವನ್ನು ಕುರಿತು ಯೋಚಿಸುವುದು ಉಚಿತ.

ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ‘ಲುವಾವು’ ಎಂಬ ಔತಣವುಂಟು. ಆ ಮಾತಿನ ಮೂಲಾರ್ಥ ಕೆಸುವಿನ ಎಳೆಯ ಎಲೆ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಅಳುವಡಿಯಾಗುವ ಅದೇ ಕೆಸು! ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಅಡುಗೆಯಿಂದ ಇಡಿಯ ಔತಣಕ್ಕೆ ಆ ಹೆಸರು ಬಂದಿತು. ನೆಲದಲ್ಲಿ ಕುಳಿ ತೋಡಿ, ಕಾದ ಕಲ್ಲುಗಳ ಮೇಲೆ ಎಲೆ ಮುಚ್ಚಿ ಬೇಯಿಸಿದ ಹಂದಿಯ ಮಾಂಸ, ಕೆಸುವಿನ ಗಡ್ಡೆಯನ್ನು ಕುಟ್ಟಿ ಅರೆದ ಅಂಬಲಿ, ಹಾಡು, ಹುಲಾ ಕುಣಿತ ಇವೆಲ್ಲ ಅದರ ಅಂಗಗಳು. ಹಿಂದೆ ಅಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಉಣ್ಣುವಂತಿರಲಿಲ್ಲ. 1819ರಲ್ಲಿ ಎರಡನೆಯ ಕಮೆಹಮೆಹ ಎಂಬ ಅರಸನು ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡು ಆ ಕಟ್ಟಳೆಯನ್ನು ಮುರಿದನು. ಪಂಕ್ತಿಭೇದವನ್ನು ಕಂಡು ಬಲ್ಲ ನಮಗೆ ಆ ಒಂದು ಊಟದ ಮಹತ್ವವನ್ನು ಯಾರೂ ವಿವರಿಸಬೇಕಾಗಿಲ್ಲ.

ಹುಲಾದ ಪಾಡು ಮಾತ್ರ ವಿಚಿತ್ರವಾದದ್ದು. ಕ್ರೈಸ್ತಮತವನ್ನು ಸ್ವೀಕರಿಸಿದ್ದ ರಾಣಿ ಕಾಹುಮಾನು 1830ರಲ್ಲಿ ಬಹಿರಂಗ ಹುಲಾವನ್ನು ನಿಷೇಧಿಸಿದಳು. 1883ರಲ್ಲಿ ಕಲಾಕೌವ ಅರಸನು ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅದಕ್ಕೆ ಮತ್ತೆ ಮರ್ಯಾದೆಯ ಸ್ಥಾನವನ್ನು ಕೊಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗಳ ಹಡಗುಗಳೂ ವಿಮಾನಗಳೂ ಬಂದವು. ಊಟ, ಕುಣಿತ ಎರಡೂ ಒಂದೇ ಚೀಟಿಗೆ ಮಾರಾಟವಾದವು. ಮೊದಲು ತಾತ್ಸಾರ, ಆಮೇಲೆ ತಮಾಷೆ: ಜನಪದ ಕಲೆಗೆ ಲೋಕವು ಕೊಡುವ ಎರಡು ಶಿಕ್ಷೆಗಳು ಇವೇ.

ಈ ಎರಡನ್ನೂ ಬಲ್ಲ ಜನ ನಮ್ಮ ನೆರೆಯಲ್ಲಿಯೇ ಇದ್ದಾರೆ. ಖಾನಾಪುರ, ಹಳಿಯಾಳ, ಯಲ್ಲಾಪುರಗಳ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ಇಂದು ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮತಗಳು ಮೂರಾದರೂ ಡಮಾಮಿಯ ಬಡಿತ ಒಂದೇ. ಹಬ್ಬದಲ್ಲಿ, ಮದುವೆಯಲ್ಲಿ ಆ ವಾದ್ಯ ಮೊಳಗಿದಾಗ ಅಲ್ಲಿ ಪ್ರೇಕ್ಷಕನೆಂಬ ಪ್ರತ್ಯೇಕ ಪ್ರಾಣಿಯಿರುವುದಿಲ್ಲ. ಅಡುಗೆ ಮಾಡಿದ ಕೈಯೇ ಚಪ್ಪಾಳೆ ತಟ್ಟುತ್ತದೆ. ಕುಣಿದು ದಣಿದವರಿಗೇ ಎಲೆ ಹಾಕಲಾಗುತ್ತದೆ.

ಅದೇ ಕುಣಿತವನ್ನು ವಿಹಾರಧಾಮದ ಅಂಗಳಕ್ಕೋ ಪಟ್ಟಣದ ವೇದಿಕೆಗೋ ಕರೆಸಿದಾಗ ಏನಾಗುತ್ತದೆ? ಬೆಂಕಿಯ ಸುತ್ತ ಅತಿಥಿಗಳು ತಟ್ಟೆ ಹಿಡಿದು ಕುಳಿತಿರುತ್ತಾರೆ. ಇರುಳೆಲ್ಲ ನಡೆಯಬಲ್ಲ ಕುಣಿತಕ್ಕೆ ಕಾಲುಗಂಟೆಯ ಅವಕಾಶ. ಹಾಡಿನ ಅರ್ಥವನ್ನು ಕೇಳುವವರಿಲ್ಲ. ಹಾಡಿದವರ ಹೆಸರನ್ನು ಹೇಳುವವರಿಲ್ಲ. ಕುಣಿದವರ ಊಟ ಹಿತ್ತಲಿನಲ್ಲಿ, ಎಲ್ಲರದೂ ಮುಗಿದ ಮೇಲೆ. ಇದನ್ನು ಪಂಕ್ತಿಭೇದವೆನ್ನದೆ ಮತ್ತೇನೆನ್ನಬೇಕು?

ಇದಕ್ಕೊಂದು ಆಕ್ಷೇಪವುಂಟು. ಕಲೆಯಿಂದ ಹೊಟ್ಟೆ ತುಂಬಬೇಡವೆ, ನಾಲ್ಕು ಕಾಸು ಬಂದರೆ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪೇನೂ ಇಲ್ಲ. ಬಡತನವನ್ನು ಪರಂಪರೆಯ ಹೆಸರಿನಲ್ಲಿ ಕಾಪಾಡಬೇಕೆನ್ನುವುದು ಕ್ರೌರ್ಯ. ನನ್ನ ತಕರಾರು ಹಣದ ಮೇಲಲ್ಲ, ಕಲಾವಿದನನ್ನು ಊಟದ ವ್ಯಂಜನವೆಂದು ಎಣಿಸುವ ಮನೋವೃತ್ತಿಯ ಮೇಲೆ. ಸಂಗೀತ ವಿದ್ವಾಂಸರಿಗೆ ನಾವು ಸಂಭಾವನೆಯನ್ನು ಕೊಟ್ಟು, ಜೊತೆಯಲ್ಲಿ ಊಟಕ್ಕೂ ಕೂರಿಸುತ್ತೇವಲ್ಲವೆ? ಡಮಾಮಿ ಬಾರಿಸುವವನಿಗೆ ಆ ಮರ್ಯಾದೆ ಏಕೆ ಸಲ್ಲಬಾರದು?

ಹವಾಯಿಯ ಜನ ತಮ್ಮ ಕುಣಿತವನ್ನು ಹಿಂದಕ್ಕೆ ಪಡೆಯಲು ದಾರಿಯನ್ನು ಕಂಡುಕೊಂಡರು. ಹಿಲೋ ಪಟ್ಟಣದಲ್ಲಿ ಆರಂಭವಾದ, ಕಲಾಕೌವನ ಸ್ಮರಣೆಯ ಉತ್ಸವದಲ್ಲಿ 1971ರಿಂದ ಹುಲಾ ಸ್ಪರ್ಧೆಗಳು ನಡೆದುಬಂದಿವೆ. ಗುರುಗಳ ಬಳಿ ಕಲಿತವರು ಅಲ್ಲಿ ಕುಣಿಯುತ್ತಾರೆ. ಕುಣಿತವನ್ನು ಬಲ್ಲವರೇ ಅದರ ಗುಣದೋಷಗಳನ್ನು ತೂಗುತ್ತಾರೆ. ಪ್ರವಾಸಿಗಳ ಔತಣ ನಿಂತಿಲ್ಲ. ಆದರೆ ಹುಲಾಕ್ಕೆ ಅದೊಂದೇ ಆಶ್ರಯವಾಗಿ ಉಳಿದಿಲ್ಲ.

ನಮ್ಮಲ್ಲಿಯೂ ಅದು ಅಸಾಧ್ಯವೇನಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಸ್ಥಾನವು 2020ರ ಕಾಯಿದೆಯಿಂದ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ದೊರೆಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕಾನೂನು ಅವರಿಗೆ ಎಲೆ ಹಾಕಿದೆ. ಪಕ್ಕದಲ್ಲಿ ಕೂರಬೇಕಾದವರು ನಾವು. ಬೆಳಗಾವಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವರನ್ನು ತಮ್ಮ ಸಮಾರಂಭಕ್ಕೆ ಕರೆಯುವ ಮುನ್ನ, ಕರೆ ಬಂದಾಗ ಅವರ ಹಬ್ಬಕ್ಕೆ ಹೋಗಲಿ. ಹಾಡುಗಳನ್ನು ಹಾಡಿದವರ ಹೆಸರಿನೊಡನೆ, ಅವರ ಒಪ್ಪಿಗೆಯಿಂದ ಬರೆದುಕೊಳ್ಳಲಿ. ಅವರು ಬಡಿಸಿದ್ದನ್ನು ಅವರೊಡನೆ ಕುಳಿತು ಉಣ್ಣಲಿ. ಕಲೆಯನ್ನು ಸವಿಯುವ ಅರ್ಹತೆ ಬರುವುದು ಚೀಟಿ ಕೊಂಡದ್ದರಿಂದಲ್ಲ, ಪಂಕ್ತಿಯಲ್ಲಿ ಕುಳಿತದ್ದರಿಂದ.