ಸುಟ್ಟ ಬತ್ತಿಯ ಮಾತು

ದೀಪದ ಬತ್ತಿಯಿಂದ ಕಮಟು ವಾಸನೆ ಬಂದರೆ ಎಣ್ಣೆ ತೀರಿದೆಯೆಂದು ತಿಳಿಯಲು ನಮ್ಮ ಅಜ್ಜಿಯರಿಗೆ ಭೌತಶಾಸ್ತ್ರದ ಪದವಿ ಬೇಕಾಗಿರಲಿಲ್ಲ. ಎಣ್ಣೆ ಇರುವವರೆಗೂ ಉರಿಯುವುದು ಎಣ್ಣೆ. ಅದರ ಸರಬರಾಜು ನಿಂತ ಮರುಕ್ಷಣದಿಂದ ಉರಿಯುವುದು ಬತ್ತಿ. ಶತಮಾನಗಳಿಂದ ಮನೆಮಾತಾಗಿದ್ದ ಈ ತಿಳಿವಳಿಕೆ, ಬತ್ತಿಯನ್ನು ಲೋಹದ ಕೊಳವೆಯಲ್ಲಿ ಅಡಗಿಸಿ ಜ್ವಾಲೆಯ ಸ್ಥಾನದಲ್ಲಿ ವಿದ್ಯುತ್ತನ್ನು ಇಟ್ಟೊಡನೆ ನಮ್ಮನ್ನು ಬಿಟ್ಟುಹೋಗುತ್ತದೆಂಬುದು ವಿಚಿತ್ರವಾದರೂ ನಿಜ.

ಇದನ್ನು ಹೇಳಲು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಏಳು ವರ್ಷ ಸಿಗರೇಟು ಸೇದಿ, ಅದರಿಂದ ಬಿಡುಗಡೆ ಪಡೆಯಲೆಂದು ಇ-ಸಿಗರೇಟನ್ನು ಹಿಡಿದವನು. ಮೊದಲು ಬಳಸಿ ಬಿಸಾಡುವ ಬಗೆಯದನ್ನು ಸೇದುತ್ತಿದ್ದ. 2025ರ ಜೂನ್ 1ರಿಂದ ಆ ದೇಶದಲ್ಲಿ ಅಂಥವುಗಳ ಮಾರಾಟ ನಿಷಿದ್ಧವಾದ ಮೇಲೆ, ದ್ರವವನ್ನು ತಾನೇ ತುಂಬಿ ಸುರುಳಿಯನ್ನು ತಾನೇ ಬದಲಿಸುವ ಉಪಕರಣವೊಂದನ್ನು ಕೊಂಡ. ಹತ್ತು ದಿನಗಳಲ್ಲಿ ಮೂರು ಸುರುಳಿಗಳು ಸುಟ್ಟುಹೋದವು. ಟ್ಯಾಂಕು ಜೇಬಿನಲ್ಲಿಯೇ ಸೋರಿತು. "ಸಾರ್, ಇದರ ಸಹವಾಸಕ್ಕಿಂತ ಸಿಗರೇಟೇ ವಾಸಿ ಎನ್ನಿಸುತ್ತಿದೆ" ಎಂದು ಬರೆದ.

ಈ ಕೊನೆಯ ವಾಕ್ಯವೇ ನನ್ನನ್ನು ಚಿಂತೆಗೆ ಹಚ್ಚಿತು. ಇಂಥ ತೊಂದರೆಗಳಿಗೆ ಗೆಳೆಯರು ಕೊಡುವ ಸಲಹೆ ಸಾಮಾನ್ಯವಾಗಿ ಎರಡೇ: ಶಕ್ತಿಯನ್ನು ಏರಿಸಿ ನೋಡು, ಇಲ್ಲವೆ ಸುರುಳಿಯನ್ನು ಬದಲಿಸಿ ನೋಡು. ರೋಗವನ್ನರಿಯದೆ ಕೊಟ್ಟ ಮದ್ದಿನಂತೆ ಇದು ಕೆಲವೊಮ್ಮೆ ಫಲಿಸುತ್ತದೆ, ಹಲವೊಮ್ಮೆ ರೋಗವನ್ನು ಹೆಚ್ಚಿಸುತ್ತದೆ. ಈ ಉಪಕರಣದ ದೋಷಗಳನ್ನು ಕಾರಣದಿಂದ ಅರಿಯಬೇಕು. ತಿದ್ದಬಲ್ಲ ದೋಷ ಯಾವುದು, ತಿದ್ದಲಾಗದುದು ಯಾವುದು ಎಂಬ ವಿವೇಕವೂ ಜೊತೆಗೇ ಇರಬೇಕು. ಇದೇ ಈ ಲೇಖನದಲ್ಲಿ ನನ್ನ ವಾದ.

ಮೊದಲು ಉಪಕರಣದ ಪರಿಚಯ. ಹೊಗೆಸೊಪ್ಪಿಲ್ಲದ, ಹೊಗೆಯೂ ಇಲ್ಲದ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲಿಯೇ ಪೇಟೆಂಟು ಪಡೆದಿದ್ದ. ಆದರೆ ಇಂದಿನ ಉಪಕರಣದ ಜನಕನೆಂದು ಹೆಸರಾದವನು ಚೀನದ ಔಷಧಶಾಸ್ತ್ರಜ್ಞ ಹೋನ್ ಲಿಕ್; ಅವನ ಪ್ರಯೋಗಗಳು 2003ರ ಸುಮಾರಿನವು. ಈಗ ಬಳಕೆಯಲ್ಲಿರುವ ಮಾದರಿಯಲ್ಲಿ ನಾಲ್ಕು ಅಂಗಗಳುಂಟು: ವಿದ್ಯುತ್ಕೋಶ, ದ್ರವ ತುಂಬುವ ಟ್ಯಾಂಕು, ಹತ್ತಿಯ ಬತ್ತಿ, ಬತ್ತಿಗೆ ತಾಗಿಕೊಂಡಿರುವ ಲೋಹದ ಸುರುಳಿ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನಾ ದ್ರವ್ಯ ಮತ್ತು ಬಹುಮಟ್ಟಿಗೆ ನಿಕೋಟಿನ್, ಇವುಗಳ ಮಿಶ್ರಣವೇ ದ್ರವ. ಬ್ರಿಟನ್ನಿನ ನಿಯಮದಂತೆ ಟ್ಯಾಂಕಿನಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ದ್ರವ ಹಿಡಿಯಕೂಡದು. ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಕೂಡದು. ನಮ್ಮ ಮನೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ನಿವಾರಕದ ಸೀಸೆಯನ್ನು ವಾಚಕರು ನೆನೆದರೆ ಸಾಕು. ತತ್ತ್ವ ಒಂದೇ: ಬತ್ತಿ ದ್ರವವನ್ನು ತರುತ್ತದೆ, ಬಿಸಿ ಅದನ್ನು ಆವಿಯಾಗಿಸುತ್ತದೆ.

ಇಲ್ಲಿ ಬಿಸಿಯನ್ನು ಕೊಡುವುದು ಓಮನ ನಿಯಮ. ನಿಯಂತ್ರಕವಿಲ್ಲದ ಸರಳ ಉಪಕರಣದಲ್ಲಿ ಕೋಶದ ವೋಲ್ಟೇಜು 3.7 ಎಂದಿಟ್ಟುಕೊಳ್ಳೋಣ. ಸುರುಳಿಯ ರೋಧ 1.2 ಓಮ್ ಆದರೆ ಸುಮಾರು 3 ಆಂಪೇರ್ ಪ್ರವಾಹ ಹರಿದು ಸುಮಾರು 11 ವ್ಯಾಟ್ ಶಾಖ ಹುಟ್ಟುತ್ತದೆ. ರೋಧ 0.3 ಓಮಿಗೆ ಇಳಿದರೆ ಪ್ರವಾಹ 12 ಆಂಪೇರನ್ನೂ ಶಾಖ 45 ವ್ಯಾಟನ್ನೂ ದಾಟುತ್ತದೆ. ರೋಧ ಕಾಲುಭಾಗವಾದರೆ ಬಿಸಿ ನಾಲ್ಕು ಪಟ್ಟು! ಹೀಗಿರುವಲ್ಲಿ ಒಂದರ ಬದಲು ಇನ್ನೊಂದು ಸುರುಳಿಯನ್ನು, "ನೋಡಲು ಒಂದೇ ತರಹ ಇದೆ" ಎಂದು ಹಾಕುವುದು ಎಷ್ಟು ಅವಿವೇಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಶಕ್ಕೂ ಇದು ಅಪಾಯಕರ. ಅಷ್ಟು ಪ್ರವಾಹವನ್ನು ಕೊಡಲು ಅದು ತಕ್ಕುದಲ್ಲದಿದ್ದರೆ ವಿಪರೀತ ಕಾಯುತ್ತದೆ.

ಬತ್ತಿಯ ಕೆಲಸ ಕೇಶಾಕರ್ಷಣದ್ದು. ಹತ್ತಿಯ ಎಳೆಗಳ ನಡುವಣ ಸೂಕ್ಷ್ಮ ಸಂದುಗಳು ದ್ರವವನ್ನು ತಾವಾಗಿಯೇ ಸೆಳೆದುಕೊಳ್ಳುತ್ತವೆ. ಆದರೆ ಈ ಸೆಳೆತಕ್ಕೆ ಕಾಲ ಬೇಕು. ಒಣ ಬತ್ತಿಯಲ್ಲಿ ಎರಡರಷ್ಟು ದೂರ ಹೋಗಲು ದ್ರವಕ್ಕೆ ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ. ದ್ರವ ಮಂದವಾದಷ್ಟೂ ನಡಿಗೆ ನಿಧಾನ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗ್ಲಿಸರಿನ್ನಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 1400 ಪಟ್ಟು. ಪ್ರೊಪಿಲೀನ್ ಗ್ಲೈಕಾಲಿನದು ಗ್ಲಿಸರಿನ್ನಿನ ಇಪ್ಪತ್ತನೆಯ ಒಂದು ಭಾಗಕ್ಕೂ ಕಡಮೆ. ಗ್ಲಿಸರಿನ್ ಹೆಚ್ಚಿರುವ ದ್ರವವನ್ನು ಕಿರಿದಾದ ರಂಧ್ರಗಳ ಸುರುಳಿಗೆ ತುಂಬಿದರೆ, ಚಳಿಗಾಲದ ಬೆಳಗಿನಲ್ಲಿ ಅದು ಬತ್ತಿಯನ್ನು ಮುಟ್ಟುವುದೇ ಕಷ್ಟ.

ಇಲ್ಲಿಗೆ ನಮ್ಮ ಲೆಕ್ಕ ಸರಳವಾಯಿತು. ಸುರುಳಿ ಆವಿಯಾಗಿಸುವಷ್ಟು ದ್ರವವನ್ನು ಬತ್ತಿ ತರುತ್ತಿದ್ದರೆ ಎಲ್ಲವೂ ಕ್ಷೇಮ. ಕಾಗದದ ಲೋಟದಲ್ಲಿ ನೀರನ್ನು ಕುದಿಸಿ ತೋರಿಸುವ ಪ್ರಯೋಗವನ್ನು ಶಾಲೆಯಲ್ಲಿ ಹಲವರು ನೋಡಿರಬಹುದು. ನೀರಿರುವವರೆಗೆ ಕಾಗದ ಹತ್ತಿಕೊಳ್ಳದು. ಶಾಖವೆಲ್ಲ ನೀರಿನ ಪಾಲಾಗುತ್ತದೆ. ಹಾಗೆಯೇ ಬತ್ತಿ ತೊಯ್ದಿರುವವರೆಗೆ ಅದರ ಉಷ್ಣತೆ ದ್ರವದ ಕುದಿಬಿಂದುವಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬತ್ತಿ ಒಣಗಿತೋ, ಕಟ್ಟು ಹರಿಯಿತು: ಉಷ್ಣತೆ ಒಮ್ಮೆಲೇ ಏರುತ್ತದೆ, ಹತ್ತಿ ಕರಕಾಗುತ್ತದೆ, ಉಳಿದ ಗ್ಲಿಸರಿನ್ ಒಡೆದು ಅಕ್ರೋಲೀನ್, ಫಾರ್ಮಾಲ್ಡಿಹೈಡ್ ಮೊದಲಾದ ವಿಷಗಳಾಗುತ್ತವೆ. ಗಂಟಲನ್ನು ಕೆರೆಯುವ ಆ ಸುಟ್ಟ ರುಚಿ ಇದೇ. ಇಂಥಲ್ಲಿ ಶಕ್ತಿಯನ್ನು ಏರಿಸುವುದು, ಎಣ್ಣೆಯಿಲ್ಲದ ದೀಪಕ್ಕೆ ಇನ್ನೂ ನಾಲ್ಕು ಕಡ್ಡಿ ಗೀರಿದಂತೆ.

ಆದ್ದರಿಂದ ನಾನು ಆ ತರುಣನಿಗೆ ಬರೆದದ್ದು ಇಷ್ಟು. ಹೊಸ ಸುರುಳಿಯನ್ನು ಹಾಕುವ ಮುನ್ನ ಅದರ ಹತ್ತಿಗೆ ಕೆಲವು ತೊಟ್ಟು ದ್ರವವನ್ನು ಬಿಡು. ಟ್ಯಾಂಕನ್ನು ತುಂಬಿ ಹತ್ತು ನಿಮಿಷ ಸುಮ್ಮನಿರು. ಸುರುಳಿಯ ಮೇಲೆ ಅಚ್ಚಾಗಿರುವ ವ್ಯಾಟ್ ಮಿತಿಯ ಕೆಳತುದಿಯಿಂದ ಆರಂಭಿಸು. ಒಂದರ ಹಿಂದೆ ಒಂದು ದಮ್ಮು ಎಳೆಯಬೇಡ. ಬತ್ತಿ ಮತ್ತೆ ತೊಯ್ಯಲು ಬಿಡುವು ಕೊಡು. ಒಮ್ಮೆ ಕರಕಾದ ಹತ್ತಿ ಮತ್ತೆ ಸರಿಹೋಗದು, ಅದನ್ನು ತೆಗೆದುಹಾಕು. ಸಿಹಿ ಹೆಚ್ಚಿರುವ ದ್ರವ ಸುರುಳಿಯ ಮೇಲೆ ಕಪ್ಪು ಕಿಟ್ಟ ಕಟ್ಟಿ ಅದರ ಆಯುಸ್ಸನ್ನು ಕುಗ್ಗಿಸುತ್ತದೆಂಬುದನ್ನೂ ಮರೆಯಬೇಡ.

ಸೋರಿಕೆ ಇದಕ್ಕೆ ತದ್ವಿರುದ್ಧವಾದ ರೋಗ: ಅಲ್ಲಿ ಬರಗಾಲ, ಇಲ್ಲಿ ನೆರೆ. ಗುಳುಗುಳು ಸದ್ದಾದರೆ ಆವಿಯಾಗುವುದಕ್ಕಿಂತ ಹೆಚ್ಚು ದ್ರವ ಒಳಗೆ ಬಂದಿದೆಯೆಂದು ಅರ್ಥ. ನಡುವಣ ಗಾಳಿಕೊಳವೆಗೆ ದ್ರವವನ್ನು ಸುರಿದಿರಬಹುದು, ಬಲವಾಗಿ ಎಳೆದಿರಬಹುದು, ದೊಡ್ಡ ರಂಧ್ರದ ಸುರುಳಿಗೆ ತೆಳು ದ್ರವವನ್ನು ಹಾಕಿರಬಹುದು, ರಬ್ಬರಿನ ಉಂಗುರ ಸರಿದಿರಬಹುದು. ವಿಮಾನದಲ್ಲಿ ಸೋರಿದರೆ ಅಪರಾಧಿ ಬಾಯಲನ ನಿಯಮ. ವಿಮಾನದೊಳಗಿನ ಒತ್ತಡ ನೆಲದ ಒತ್ತಡದ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುವುದರಿಂದ, ಟ್ಯಾಂಕಿನಲ್ಲಿ ಸಿಕ್ಕಿಕೊಂಡ ಗಾಳಿ ಮೂರನೆಯ ಒಂದು ಭಾಗದಷ್ಟು ಹಿಗ್ಗಿ ದ್ರವವನ್ನು ಹೊರದಬ್ಬುತ್ತದೆ. ಹತ್ತುವ ಮುನ್ನ ಟ್ಯಾಂಕನ್ನು ಬರಿದು ಮಾಡುವುದೇ ಮದ್ದು. ಇನ್ನು ಉಪಕರಣ ಸುರುಳಿಯನ್ನೇ ಗುರುತಿಸದಿದ್ದರೆ, ಬಹುಮಟ್ಟಿಗೆ ತಿರುಪಿನ ತಳದ ಸಂಪರ್ಕದಲ್ಲಿ ದ್ರವವೋ ಕೊಳೆಯೋ ಕುಳಿತಿರುತ್ತದೆ. ಒರಸಿ ಹದವಾಗಿ ಬಿಗಿದರೆ ಸಾಕು.

ಇಷ್ಟೇ ಆಗಿದ್ದರೆ ಇದು ದುರಸ್ತಿಯ ಕೈಪಿಡಿಯಾಗುತ್ತಿತ್ತು. ನನ್ನ ನಿಜವಾದ ಆಕ್ಷೇಪಣೆ ಮುಂದಿನದು. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ವರದಿಯನ್ನು ಪ್ರಕಟಿಸಿದರು. 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಬಂಧಿ ವಸ್ತುಗಳು 5 ವೋಲ್ಟಿನಲ್ಲಿ ಕಂಡುಬಂದವೆಂಬುದೇ ಅದರ ಸಾರ. ಅದೇ ವರ್ಷ ಗ್ರೀಸಿನ ಫರ್ಸಲಿನೋಸ್ ಮತ್ತು ಸಂಗಡಿಗರು ಪ್ರತಿವಾದವನ್ನು ಮುಂದಿಟ್ಟರು: ಆಲ್ಡಿಹೈಡುಗಳು ಮಿತಿಮೀರುವುದು ಬತ್ತಿ ಒಣಗಿದಾಗ, ನುರಿತವರು ಆ ರುಚಿಯನ್ನು ಗುರುತಿಸಿ ಸೇದುವುದನ್ನು ನಿಲ್ಲಿಸುತ್ತಾರೆ. ಎರಡು ಮಾತುಗಳಲ್ಲಿಯೂ ಹುರುಳುಂಟು. ಆದರೆ "ನುರಿತವರು" ಎಂಬ ಒಂದು ಪದವನ್ನು ಗಮನಿಸಿ. ಹೊಸಬನಿಗೆ ಆ ರುಚಿಯ ಪರಿಚಯವೇ ಇಲ್ಲ. ಸಿಗರೇಟಿನ ಕಾರಕ್ಕೆ ಒಗ್ಗಿದ ಅವನ ನಾಲಿಗೆ ಇದನ್ನೂ ಸಹಜವೆಂದು ಭಾವಿಸಬಹುದು. ಪುದೀನದ ತಂಪಿನ ಮರೆಯಲ್ಲಿ, ಹಣ್ಣಿನ ಸಿಹಿಯ ಮರೆಯಲ್ಲಿ ಅದು ಅಡಗಲೂಬಹುದು. ಮನುಷ್ಯನ ನಾಲಿಗೆಯನ್ನೇ ರಕ್ಷಣಾಯಂತ್ರವಾಗಿ ನಂಬಿದ ಉಪಕರಣವನ್ನು ಕೈಗಿತ್ತು, ಆ ನಾಲಿಗೆಗೆ ಪಾಠ ಹೇಳದಿರುವುದು ಅನ್ಯಾಯವೆಂದೇ ನನ್ನ ಮತ. ಸುಟ್ಟ ರುಚಿ ಕೇವಲ ಕಿರಿಕಿರಿಯಲ್ಲ. ಅದು ಎಚ್ಚರಿಕೆಯ ಗಂಟೆ. ಅದನ್ನು ಸುವಾಸನೆಯಿಂದ ಮುಚ್ಚುವುದು, ಗಂಟೆಗೆ ಬಟ್ಟೆ ಸುತ್ತಿದಂತೆ.

ತಿದ್ದಲಾಗದ ದೋಷಗಳೂ ಉಂಟು. 2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ವ್ಯಾಧಿಯಿಂದ 2020ರ ಫೆಬ್ರವರಿಯ ವೇಳೆಗೆ 68 ಮಂದಿ ಸತ್ತರು. ಮುಖ್ಯ ಕಾರಣ ಸುರುಳಿಯಲ್ಲ, ಬತ್ತಿಯೂ ಅಲ್ಲ. ಬಹುಮಟ್ಟಿಗೆ ಕಳ್ಳಪೇಟೆಯ ಗಾಂಜಾ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ದ್ರವವೇ ವಿಷವಾದಾಗ ದುರಸ್ತಿ ಯಾವುದಕ್ಕೆ? ಅಷ್ಟೇ ಅಲ್ಲ, ಎಲ್ಲ ಅಂಗಗಳೂ ಸರಿಯಾಗಿರುವ ಉಪಕರಣ ಮಾಡುವ ಕೆಲಸವಾದರೂ ಏನು? ನಿಕೋಟಿನ್ನನ್ನು ಪುಪ್ಪುಸಕ್ಕೆ ಮುಟ್ಟಿಸುವುದೇ. ಸಿಗರೇಟು ಸೇದುವವನಿಗೆ ಇದು ಸಿಗರೇಟಿಗಿಂತ ಕಡಮೆ ಹಾನಿಯದೆಂದೂ ಚಟ ಬಿಡಲು ನೆರವಾಗುತ್ತದೆಂದೂ ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ; ಸೇದದವನೂ ಮಕ್ಕಳೂ ಇದನ್ನು ಮುಟ್ಟಬಾರದೆಂದು ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ದೇಶದಲ್ಲಿ 2019ರ ಕಾಯಿದೆ ಇದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ. ಆದುದರಿಂದ ಇಲ್ಲಿನ ವಿದ್ಯಾರ್ಥಿಗಳು ಈ ಲೇಖನವನ್ನು ಕೊಳ್ಳುವ ಪ್ರೇರಣೆಯೆಂದು ತಿಳಿಯಬಾರದು. ಕಳ್ಳದಾರಿಯಲ್ಲಿ ಬಂದ ದ್ರವದೊಳಗೆ ಏನಿದೆಯೆಂದು ಹೇಳುವವರು ಯಾರೂ ಇಲ್ಲ.

ಆ ತರುಣನಿಂದ ಮೊನ್ನೆ ಮರುಪತ್ರ ಬಂತು. ನಾಲ್ಕನೆಯ ಸುರುಳಿ ಮೂರು ವಾರ ಬಾಳಿತಂತೆ. ಸಿಗರೇಟಿನ ಪೊಟ್ಟಣವನ್ನು ಮತ್ತೆ ಕೊಳ್ಳಲಿಲ್ಲವಂತೆ. ಸಂತೋಷವಾಯಿತು. ಆದರೂ ಉತ್ತರದಲ್ಲಿ ಒಂದು ಮಾತನ್ನು ಸೇರಿಸಿದೆ: "ಸುರುಳಿಯ ಅಂಕಿಯನ್ನು ನೋಡುವಷ್ಟೇ ಶ್ರದ್ಧೆಯಿಂದ ಸೀಸೆಯ ಮೇಲಿನ ನಿಕೋಟಿನ್ ಅಂಕಿಯನ್ನೂ ನೋಡು. ಅದು ತಿಂಗಳು ತಿಂಗಳಿಗೆ ಇಳಿಯುತ್ತ ಹೋಗಲಿ. ಬತ್ತಿಗೆ ಎಣ್ಣೆ ಬೇಕೆಂಬುದು ನಿನಗೀಗ ತಿಳಿಯಿತು. ಈ ದೀಪವೇ ಬೇಡವಾಗುವ ದಿನ ಬಂದಾಗ ನಿನ್ನ ಯಂತ್ರದ ದುರಸ್ತಿ ಪೂರ್ತಿಯಾಯಿತೆಂದು ತಿಳಿ."