ನೆಲನೆಲ್ಲಿ ಮೇಲೆ ನನಗೆ ಸಿಟ್ಟಿಲ್ಲ

"ಕಣ್ಣು ಹಳದಿ ಆಗಿದ್ಯಾ? ಆಸ್ಪತ್ರೆ ಎಲ್ಲ ಎಂತಕ್ಕೆ, ನೆಲನೆಲ್ಲಿ ಅರೆದು ಹಾಲಲ್ಲಿ ಕೊಡಿ." ಹೀಗೆ ಹೇಳುವ ಚಿಕ್ಕಮ್ಮ, ಅತ್ತೆ, ಅಕ್ಕಂದಿರ ಹತ್ರ ಇವತ್ತು ನಾನು ಜಗಳಕ್ಕೇ ಬಂದದ್ದು. ಪೂರ್ತಿ ಓದಿ, ಮತ್ತೆ ಬೈಯಿರಿ.

ಗಿಡದಲ್ಲಿ ಎಂತದೂ ಇಲ್ಲ ಅಂತ ನಾನು ಹೇಳುದಿಲ್ಲ. ಫಿಲಾಂಥಿನ್, ಹೈಪೋಫಿಲಾಂಥಿನ್ ಅಂತ ಅದರದ್ದೇ ವಸ್ತುಗಳುಂಟು. 1988ರಲ್ಲಿ ಮದ್ರಾಸಿನಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಒಂದು ತಿಂಗಳು ಇದರ ಪುಡಿ ಕೊಟ್ಟು ನೋಡಿದ್ರು. 37 ಜನರಲ್ಲಿ 22 ಜನರ ರಕ್ತದಲ್ಲಿ ಮತ್ತೆ ಆ ವೈರಸ್ಸಿನ ಗುರುತು ಕಾಣಲಿಲ್ಲ. ಲ್ಯಾನ್ಸೆಟ್ ಪತ್ರಿಕೆಯಲ್ಲೇ ಬಂದ ವಿಷಯ. ಆದರೆ ಆಮೇಲೆ ಬೇರೆಯವರು ಪರೀಕ್ಷೆ ಮಾಡಿದಾಗ ಆ ಫಲ ಸಿಗಲಿಲ್ಲ. ಈ ಎರಡನೇ ಮಾತು ಯಾರ ಬಾಯಲ್ಲೂ ಬರುದಿಲ್ಲ.

ಹಾಗಾದರೆ ಊರಲ್ಲಿ ಅಷ್ಟು ಜನಕ್ಕೆ ಗುಣ ಆದದ್ದು? ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತನ್ನಿಂದ ತಾನೇ ಇಳಿಯುತ್ತದೆ. ಗಂಜಿ ಉಂಡು ಮಲಗಿದರೂ ಇಳಿಯುತ್ತದೆ. ಹೆಸರು ಮಾತ್ರ ಮದ್ದು ಕೊಟ್ಟವರಿಗೆ!

ಕಾಮಾಲೆ ಒಂದೇ ರೋಗ ಅಲ್ಲ ಮಾರಾಯ್ರೆ. ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಅಂತ ಹಳದಿ ವಸ್ತು ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುದು ಅದರಿಂದಲೇ. ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಅದು ವಾಪಸ್ಸು ರಕ್ತಕ್ಕೆ ಬರುತ್ತದೆ. ಮೂತ್ರ ಕಪ್ಪು ಚಹಾದ ಹಾಗೆ, ಮಲ ಬಿಳಿಚಿದ ಮಣ್ಣಿನ ಹಾಗೆ ಆಗುತ್ತದೆ. ಸೊಪ್ಪಿನ ರಸ ಕುಡಿದರೆ ಕಲ್ಲು ಜಾರ್ತದಾ?

ನನ್ನ ಓರಗಿತ್ತಿಗೆ ಆದದ್ದು ಅದೇ. ಮೂರು ವಾರ ಬರೀ ಹೊಟ್ಟೆಗೆ ರಸ, ಉಪ್ಪು ಎಣ್ಣೆ ಇಲ್ಲದ ಪಥ್ಯ. ಮೈಯೆಲ್ಲ ತುರಿಕೆ ಅಂದಾಗ "ಮದ್ದು ಹಿಡೀತಾ ಉಂಟು" ಅಂದ್ರು. ನಾನೂ ತಲೆಯಾಡಿಸಿದ್ದೆ, ಸುಳ್ಳು ಯಾಕೆ ಹೇಳಲಿ. ಚಳಿಜ್ವರ ಬಂದು ನಡುಗುವಾಗ ಮಧ್ಯರಾತ್ರಿ ಕಾರಿನಲ್ಲಿ ಹಾಕಿಕೊಂಡು ಓಡಿದ್ದು. ಪಿತ್ತನಾಳದಲ್ಲಿ ಕಲ್ಲು, ಮೇಲಿಂದ ನಂಜು. ಬದುಕಿ ಬಂದಳು, ಪುಣ್ಯ.

ಬಸುರಿಯರ ವಿಷಯದಲ್ಲಂತೂ ಒಂದು ದಿನವೂ ಕಾಯಬೇಡಿ. ಹೆಪಟೈಟಿಸ್ ಇ ಅವರ ಜೀವವನ್ನೇ ತೆಗೆಯಬಹುದು. ಹುಟ್ಟಿದ ಮಗು ಹಳದಿಯಾದರೆ ಬಾಯಿಗೆ ಸೊಪ್ಪಿನ ರಸ ಬಿಡಬೇಡಿ, ಡಾಕ್ಟ್ರಿಗೆ ತೋರಿಸಿ. ದೊಡ್ಡವರಿಗೆ ಮೊದಲು ರಕ್ತಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್.

ನಮ್ಮ ಅಂಗಳದಲ್ಲಿ ಈಗಲೂ ನೆಲನೆಲ್ಲಿ ಉಂಟು, ಕಿತ್ತು ಬಿಸಾಡಲಿಲ್ಲ. ಮೊನ್ನೆ ತಂಬುಳಿ ಮಾಡಿದ್ದೆ. ಓರಗಿತ್ತಿ ಎರಡು ಸಲ ಹಾಕಿಸಿಕೊಂಡು ಉಂಡಳು.